ದುಬಾರಿ ಸೈಕಲ್‌ಗಳಿಗೂ ರಕ್ಷಣೆ ಕೊಡುವ, ಕೈಗೆಟಕುವ ಗೃಹ ವಿಮೆ: ಬೆಂಗಳೂರಿನಲ್ಲಿ ದಾರಿ ಏನು?

ಪ್ರಶ್ನೆ ಕೇಳುತ್ತಿರುವವರು, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನನ್ನ ಬಳಿ ಕಾರ್ಬನ್ ಫ್ರೇಮಿನ ರೋಡ್ ಬೈಕ್ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್) ಇದೆ; ಬಿಲ್ಲಿನ ಪ್ರಕಾರ ಅದರ ಬೆಲೆ 2.8 ಲಕ್ಷ ರೂಪಾಯಿ. ಅದು ಮನೆಯೊಳಗೇ ಇರುತ್ತದೆ. ಪತ್ನಿ ಕಚೇರಿಗೆ ಬಳಸುವ 70,000 ರೂಪಾಯಿಯ ಹೈಬ್ರಿಡ್ ಸೈಕಲ್ ಮಾತ್ರ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಕಂಬಕ್ಕೆ ಬಿಗಿದ ಬೀಗದೊಂದಿಗೆ ನಿಲ್ಲುತ್ತದೆ.

ಗೃಹ ವಿಮೆ ಮಾಡಿಸೋಣವೆಂದು ಏಜೆಂಟರೊಬ್ಬರನ್ನು ವಿಚಾರಿಸಿದಾಗ, ಅವರು ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಹೆಸರು ಹೇಳಿ, ಮನೆಯಲ್ಲಿರುವ ಪ್ರತಿಯೊಂದು ವಸ್ತುವೂ ಅದರಡಿ ಬರುತ್ತದೆ, ಸೈಕಲ್‌ಗೆ ಪ್ರತ್ಯೇಕವಾಗಿ ಏನನ್ನೂ ಮಾಡಬೇಕಾಗಿಲ್ಲ ಎಂದರು. ಪ್ರೀಮಿಯಂ ನಿಜಕ್ಕೂ ಕಡಿಮೆ. ಆದರೆ ಪಾಲಿಸಿಯ ಪೂರ್ಣ ಪಠ್ಯವನ್ನು ತರಿಸಿಕೊಂಡು ಓದಿದರೆ, ಕಳ್ಳತನದ ವಿಷಯದಲ್ಲಿ ನನಗೆ ಸಮಾಧಾನವಾಗುವಂಥ ಮಾತು ಕಾಣಲಿಲ್ಲ. ಮನೆಯೊಳಗಿನ ಸೈಕಲ್, ಪಾರ್ಕಿಂಗಿನ ಸೈಕಲ್, ರಸ್ತೆಯ ಮೇಲಿನ ಸೈಕಲ್: ಈ ಮೂರೂ ಸಂದರ್ಭಗಳಲ್ಲಿ ರಕ್ಷಣೆ ದೊರೆಯುವ ಪಾಲಿಸಿಯನ್ನು ಮಧ್ಯಮ ವರ್ಗದ ಕುಟುಂಬ ಭರಿಸಬಹುದಾದ ಮೊತ್ತದಲ್ಲಿ ಪಡೆಯುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ನಿವೃತ್ತ ವಿಮಾ ಅಧಿಕಾರಿ, ಮಲ್ಲೇಶ್ವರ

ಪಾಲಿಸಿಯ ಪಠ್ಯ ತರಿಸಿ ಓದಿದ್ದು ಬಹಳ ಒಳ್ಳೆಯ ಕೆಲಸ. ನಿಮ್ಮ ಅನುಮಾನ ಸರಿಯಾಗಿದೆ.

ಭಾರತ್ ಗೃಹ ರಕ್ಷಾ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರವು ರೂಪಿಸಿ, 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಲೇಬೇಕೆಂದು ವಿಧಿಸಿದ ಪ್ರಮಾಣಿತ ಪಾಲಿಸಿ. ಅದರ ಗುಣಗಳನ್ನು ಮೊದಲು ಹೇಳುತ್ತೇನೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪು ಒಡೆದು ಆಗುವ ಹಾನಿ ಇವೆಲ್ಲ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದವರಿಗೆ ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಗೃಹೋಪಯೋಗಿ ವಸ್ತುಗಳಿಗೆ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಅಂದರೆ 40 ಲಕ್ಷದ ಕಟ್ಟಡಕ್ಕೆ 8 ಲಕ್ಷದ ವಸ್ತುಗಳು. ನಿಮ್ಮಂತೆ ಬಾಡಿಗೆಗಿರುವವರು ಕಟ್ಟಡವನ್ನು ಬಿಟ್ಟು ವಸ್ತುಗಳಿಗೆ ಮಾತ್ರ ಮೊತ್ತ ಘೋಷಿಸಿ ಪಾಲಿಸಿ ಪಡೆಯಬಹುದು. ವಿಮಾ ಮೊತ್ತ ವಸ್ತುಗಳ ನಿಜವಾದ ಮೌಲ್ಯಕ್ಕಿಂತ ಕಡಿಮೆಯಿತ್ತೆಂಬ ಕಾರಣಕ್ಕೆ ಪರಿಹಾರವನ್ನು ಕತ್ತರಿಸುವಂತಿಲ್ಲ ಎಂಬುದು ಇದರ ಬಹು ದೊಡ್ಡ ಅನುಕೂಲ.

ಆದರೆ ಕಳ್ಳತನದ ವಿಷಯದಲ್ಲಿ ಅದು ಹೇಳುವುದು ಇಷ್ಟೇ: ಮೇಲೆ ಹೆಸರಿಸಿದ ಯಾವುದಾದರೂ ಅವಘಡ ಸಂಭವಿಸಿ, ಅದರ ನೇರ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದ ಕಳ್ಳತನಕ್ಕೆ ಪರಿಹಾರವುಂಟು. ಬೆಂಕಿ ಬಿದ್ದು ಬಾಗಿಲು ಸುಟ್ಟು, ಆ ಗೊಂದಲದಲ್ಲಿ ಯಾರೋ ಸೈಕಲ್ ಹೊತ್ತೊಯ್ದರೆ ಹಣ ಬರುತ್ತದೆ. ಸಾಮಾನ್ಯ ದಿನದ ಮಧ್ಯಾಹ್ನ ಬೀಗ ಮುರಿದು ಸೈಕಲ್ ಕದ್ದರೆ ಈ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಕಳ್ಳತನದ ಹೆಚ್ಚುವರಿ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಏಜೆಂಟರು ಇದನ್ನು ಹೇಳದೆ ಬಿಡುವುದು ನನಗೆ ಇಂದಿಗೂ ಬೇಸರದ ಸಂಗತಿ, ಏಕೆಂದರೆ ಗೃಹ ವಿಮೆ ಮಾಡಿಸುವ ಹೆಚ್ಚಿನವರ ಮನಸ್ಸಿನಲ್ಲಿ ಮೊದಲು ಇರುವ ಭಯವೇ ಕಳ್ಳತನದ್ದು.

ಕಳ್ಳತನದ ರಕ್ಷಣೆಯನ್ನು ಸೇರಿಸಿದ ಮೇಲೂ ಎಚ್ಚರ ಬೇಕು. ಹೆಚ್ಚಿನ ಪಾಲಿಸಿಗಳು ಪರಿಹಾರ ಕೊಡುವುದು ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳ್ಳತನಕ್ಕೆ ಮಾತ್ರ. ಬೀಗ ಮುರಿದ, ಕಿಟಕಿ ಕಿತ್ತ, ಬಾಗಿಲು ಮೀಟಿದ ಗುರುತು ಇರಬೇಕು. ತೆರೆದ ಬಾಗಿಲಿನಿಂದ ಒಳಬಂದು ಎತ್ತಿಕೊಂಡು ಹೋದರೆ, ಮನೆಯವರೋ ಕೆಲಸದವರೋ ಭಾಗಿಯಾಗಿದ್ದರೆ, ಅಥವಾ ಮನೆ ಸತತವಾಗಿ 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಬಿದ್ದಿದ್ದರೆ ಅನೇಕ ಕಂಪನಿಗಳು ನಿರಾಕರಿಸುತ್ತವೆ. ಜೊತೆಗೆ, ಮೂಲ ಪಾಲಿಸಿಯಲ್ಲಿರುವ ಕಡಿತವಿಲ್ಲದ ಅನುಕೂಲ ಈ ಹೆಚ್ಚುವರಿ ಭಾಗಕ್ಕೆ ಅನ್ವಯಿಸದೇ ಇರಬಹುದು. ಮನೆಯಲ್ಲಿರುವ ವಸ್ತುಗಳ ಮೌಲ್ಯ 10 ಲಕ್ಷವಿದ್ದು, ನೀವು 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 2.8 ಲಕ್ಷದ ಸೈಕಲ್ ಕಳೆದಾಗ ಕೈಗೆ ಬರುವುದು 1.4 ಲಕ್ಷವೇ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಸಾರ್ವಜನಿಕ ವಲಯದ ನಾಲ್ಕು ಕಂಪನಿಗಳಾದ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್ ಮತ್ತು ನ್ಯಾಷನಲ್, ‘ಹೌಸ್‌ಹೋಲ್ಡರ್ಸ್’ ಎಂಬ ಹೆಸರಿನ ಬಹುವಿಭಾಗಗಳ ಪಾಲಿಸಿಯನ್ನು ದಶಕಗಳಿಂದ ಮಾರಿಕೊಂಡು ಬಂದಿವೆ. ಬೆಂಕಿ, ಕಳ್ಳತನ, ಆಭರಣ, ಗೃಹೋಪಕರಣಗಳ ಕೆಡುವಿಕೆ, ಪ್ರಯಾಣದ ಸಾಮಾನು ಎಂದು ವಿಭಾಗಗಳಿರುವ ಈ ಪಾಲಿಸಿಯಲ್ಲಿ ‘ಪೆಡಲ್ ಸೈಕಲ್’ ಎಂಬ ವಿಭಾಗವೂ ಇದೆ. ಸೈಕಲ್ ಬಡವರ ವಾಹನವಾಗಿದ್ದ ಕಾಲದಲ್ಲಿ ಅದಕ್ಕಾಗಿ ಬರೆದ ಷರತ್ತುಗಳು ಇವು. ಬೆಂಕಿ, ಕಳ್ಳತನ ಮಾತ್ರವಲ್ಲದೆ ಅಪಘಾತದ ಹಾನಿಯೂ, ಸವಾರನಿಂದ ಮೂರನೆಯವರಿಗಾದ ಹಾನಿಯ ಹೊಣೆಯೂ ಸಣ್ಣ ಮಿತಿಯೊಂದಿಗೆ ಈ ವಿಭಾಗದಲ್ಲಿ ಸೇರುತ್ತವೆ. ಮುಖ್ಯವಾಗಿ, ಸೈಕಲ್ ಮನೆಯ ಗೋಡೆಗಳ ಹೊರಗಿದ್ದಾಗಲೂ ರಕ್ಷಣೆ ದೊರೆಯುವ ಸಾಧ್ಯತೆ ಇರುವುದು ಈ ವಿಭಾಗದಲ್ಲಿಯೇ.

ಶಾಖೆಗೆ ಹೋಗಿ ಈ ವಿಭಾಗವನ್ನು ಹೆಸರಿಟ್ಟು ಕೇಳಬೇಕು. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಏಕೆಂದರೆ ಕೌಂಟರಿನಲ್ಲಿರುವ ಅನೇಕರಿಗೆ ಅದು ಇರುವುದೇ ನೆನಪಿನಲ್ಲಿರುವುದಿಲ್ಲ. 2.8 ಲಕ್ಷ ಎಂಬ ಅಂಕಿ ಕೇಳಿ ಅವರು ಮೇಲಧಿಕಾರಿಗಳ ಅನುಮತಿ ಬೇಕು ಎನ್ನಬಹುದು. ಬೇಕೆಂದರೆ ಪಡೆಯಲಿ, ನೀವು ಬಿಲ್ಲು, ಫೋಟೋ ಮತ್ತು ಫ್ರೇಮ್ ಸಂಖ್ಯೆಯೊಂದಿಗೆ ಲಿಖಿತ ಪ್ರಸ್ತಾವ ಕೊಟ್ಟು ಕಾಯಿರಿ.

ಉತ್ತರ: ಬೆಳ್ಳಂದೂರಿನ ಸದಸ್ಯರು

ಪಾರ್ಕಿಂಗಿನ ವಿಷಯದಲ್ಲಿ ಒಂದು ಮಾತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಎಷ್ಟೋ ನೆಲಮಾಳಿಗೆಗಳು ತುಂಬಿಹೋಗಿದ್ದವು. ಕಾರುಗಳ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಅವುಗಳ ಪಕ್ಕದಲ್ಲಿಯೇ ಕೆಸರು ನೀರಿನಲ್ಲಿ ದಿನಗಟ್ಟಲೆ ಮುಳುಗಿದ್ದ ಸೈಕಲ್‌ಗಳ ಕಡೆಗೆ ಯಾರೂ ನೋಡಲಿಲ್ಲ. ಕಾರುಗಳಿಗೆ ಮೋಟಾರು ವಿಮೆ ಇತ್ತು, ಸೈಕಲ್‌ಗಳಿಗೆ ಏನೂ ಇರಲಿಲ್ಲ. ಹಬ್ (ಚಕ್ರದ ನಡುಭಾಗ), ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಭಾಗ), ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಇವುಗಳ ಬೇರಿಂಗಿನೊಳಗೆ ಕೊಳಚೆ ನೀರು ಹೊಕ್ಕರೆ ತೊಳೆದು ಒರೆಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ, ಎಲೆಕ್ಟ್ರಾನಿಕ್ ಗೇರುಗಳ ಮಾತಂತೂ ಬೇಡ.

ಭಾರತ್ ಗೃಹ ರಕ್ಷಾ ಪಾಲಿಸಿಯು ಮನೆಯ ಕಟ್ಟಡವನ್ನು ವಿವರಿಸುವಾಗ ಪಾರ್ಕಿಂಗ್ ಜಾಗವನ್ನೂ ಅದರ ಭಾಗವಾಗಿ ಹೆಸರಿಸುತ್ತದೆ. ಆದ್ದರಿಂದ ನಿಮ್ಮ ಫ್ಲ್ಯಾಟಿಗೆ ಹಂಚಿಕೆಯಾದ ಜಾಗದಲ್ಲಿ ನಿಂತಿದ್ದ ಸೈಕಲ್‌ಗೆ ಪ್ರವಾಹದಿಂದ ಹಾನಿಯಾದರೆ ಪರಿಹಾರ ಕೇಳಲು ಗಟ್ಟಿ ಆಧಾರವಿದೆ ಎಂದು ನನ್ನ ನಂಬಿಕೆ. ಬಾಡಿಗೆ ಕರಾರಿನಲ್ಲಿ ಪಾರ್ಕಿಂಗ್ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಕಂಬದ ಮೂಲೆಯೋ ಮೆಟ್ಟಿಲ ಕೆಳಗಿನ ಜಾಗವೋ ಆಗಿದ್ದರೆ ಅದು ಎಲ್ಲರಿಗೂ ಸೇರಿದ್ದು. ಅಲ್ಲಿ ನಿಮ್ಮ ವಾದ ದುರ್ಬಲವಾಗುತ್ತದೆ.

ಉತ್ತರ: ನಿವೃತ್ತ ವಿಮಾ ಅಧಿಕಾರಿ, ಮಲ್ಲೇಶ್ವರ

ಬೆಳ್ಳಂದೂರಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಪ್ರವಾಹಕ್ಕೆ ಸೀಮಿತ. ಕಳ್ಳತನದ ವಿಭಾಗದಲ್ಲಿ ನೆಲಮಾಳಿಗೆಯು ಸಾಮಾನ್ಯವಾಗಿ ಮನೆಯೊಳಗಿನ ಜಾಗವೆನಿಸುವುದಿಲ್ಲ. ಗೇಟು ತೆರೆದೇ ಇರುತ್ತದೆ, ಡೆಲಿವರಿ ಹುಡುಗರಿಂದ ಹಿಡಿದು ಎಲ್ಲರೂ ಓಡಾಡುತ್ತಾರೆ, ಬಲಪ್ರಯೋಗದಿಂದ ಒಳನುಗ್ಗಿದ ಗುರುತು ಎಲ್ಲಿಂದ ಬರಬೇಕು? ಸೈಕಲ್‌ನ ಬೀಗ ಕತ್ತರಿಸಿದ್ದನ್ನು ಮನೆಯ ಬೀಗ ಮುರಿದದ್ದಕ್ಕೆ ಸಮವೆಂದು ಕಂಪನಿ ಒಪ್ಪಬೇಕಾದರೆ ಪಾಲಿಸಿಯಲ್ಲಿ ಹಾಗೆಂದು ಬರೆದಿರಬೇಕು. ನಿಮ್ಮ ಎರಡು ಸೈಕಲ್‌ಗಳಲ್ಲಿ ಬೆಲೆ ಕಡಿಮೆಯಿರುವ ಹೈಬ್ರಿಡ್‌ಗೇ ಪೆಡಲ್ ಸೈಕಲ್ ವಿಭಾಗದ ಅಗತ್ಯ ಹೆಚ್ಚು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಉತ್ತರ: ವಕೀಲರು, ಮೈಸೂರು

ಪಾಲಿಸಿ ಯಾವುದೇ ಆಗಿರಲಿ, ಕಳ್ಳತನವಾದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ನೀವು ಮಾಡುವ ಕೆಲಸದ ಮೇಲೆ ಪರಿಹಾರದ ಬಹುಪಾಲು ನಿಂತಿರುತ್ತದೆ.

ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ವರದಿ ಪಡೆಯಬಹುದಾದ್ದರಿಂದ ಅನೇಕರು ಅದನ್ನೇ ಪಡೆದು ವಿಮಾ ಕಂಪನಿಗೆ ಕೊಡುತ್ತಾರೆ. ಅದು ಕಳೆದುಹೋದ ವಸ್ತುಗಳು ಮತ್ತು ದಾಖಲೆಗಳಿಗಾಗಿ ಇರುವ ವರದಿ. ಕಳ್ಳತನದ ಕ್ಲೇಮಿಗೆ ಎಫ್‌ಐಆರ್ ಬೇಕು. ಇ-ಲಾಸ್ಟ್ ವರದಿಯನ್ನು ಸಲ್ಲಿಸಿದರೆ, ಸೈಕಲ್ ಕಳೆದುಕೊಂಡಿದ್ದೇನೆಂದು ನೀವೇ ಬರೆದುಕೊಟ್ಟಂತಾಗಿ ಕಂಪನಿಗೆ ನಿರಾಕರಣೆಯ ಕಾರಣ ಸಿಗುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೆಯ ಕಲಂ ಕಳ್ಳತನಕ್ಕೂ 305ನೆಯ ಕಲಂ ವಾಸದ ಮನೆಯೊಳಗಿನ ಕಳ್ಳತನಕ್ಕೂ ಸಂಬಂಧಿಸಿವೆ. ಮನೆಯೊಳಗಿಂದ ಕಳುವಾಗಿದ್ದರೆ ಒಳನುಗ್ಗಿದ ರೀತಿ ದೂರಿನಲ್ಲಿ ಸ್ಪಷ್ಟವಾಗಿ ಬರಲಿ: ಯಾವ ಬಾಗಿಲು, ಯಾವ ಬೀಗ, ಹೇಗೆ ಮುರಿದಿದ್ದಾರೆ. ಪಾರ್ಕಿಂಗಿನಿಂದ ಆಗಿದ್ದರೆ ಯಾವ ಕಂಬಕ್ಕೆ ಯಾವ ಬೀಗ ಹಾಕಿತ್ತು, ಕತ್ತರಿಸಿದ ತುಂಡು ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಆ ತುಂಡನ್ನು ಎಸೆಯಬೇಡಿ. ಸಿಸಿಟಿವಿ ದೃಶ್ಯಗಳು ಸ್ವಲ್ಪ ದಿನಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ, ಅವನ್ನು ಉಳಿಸಿಡುವಂತೆ ನಿವಾಸಿಗಳ ಸಂಘಕ್ಕೆ ಅದೇ ದಿನ ಇಮೇಲ್ ಕಳುಹಿಸಿ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಹೇಳುತ್ತದೆ. ಇಲೆಕ್ಟ್ರಾನಿಕ್ ವಿಧಾನದಲ್ಲಿ ದೂರು ಕೊಟ್ಟರೆ ಮೂರು ದಿನಗಳೊಳಗೆ ಸಹಿ ಮಾಡಬೇಕು.

ವಿಮಾ ಕಂಪನಿಗೆ ದೂರವಾಣಿಯಲ್ಲಿ ತಿಳಿಸಿದರೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ. ಸೈಕಲ್ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ವರದಿಯನ್ನು ಕಂಪನಿಗಳು ಕೇಳುತ್ತವೆ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಬೇಕು. ನಿರಾಕರಿಸಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಬಳಿಕ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣಕ್ಕೆ ದೂರು ಕೊಡಬಹುದು. ಕಂಪನಿಯ ಉತ್ತರ ಸಮರ್ಪಕವಾಗಿಲ್ಲದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿಯವರೆಗೆ ಪರಿಹಾರ ಆದೇಶಿಸುವ ಅಧಿಕಾರ ಅವರಿಗಿದೆ.

ಉತ್ತರ: ಮ್ಯೂನಿಕ್‌ನಲ್ಲಿರುವ ಕನ್ನಡಿಗರು

ಜರ್ಮನಿಯಲ್ಲಿ ಇದೇ ವಿಷಯ ಹೇಗೆ ನಡೆಯುತ್ತದೆ ಎಂದು ತಿಳಿದರೆ ಹೋಲಿಸಲು ಅನುಕೂಲವಾದೀತು. ಇಲ್ಲಿ ಗೃಹೋಪಯೋಗಿ ವಸ್ತುಗಳ ವಿಮೆಗೆ ಹೌಸ್‌ರಾಟ್ ಎನ್ನುತ್ತಾರೆ. ಬಾಡಿಗೆದಾರರೂ ಇದನ್ನು ಬಹುವಾಗಿ ಮಾಡಿಸುತ್ತಾರೆ. ಮನೆಯಿಂದ ಅಥವಾ ನಮ್ಮದೇ ಬೀಗ ಹಾಕಿದ ನೆಲಮಾಳಿಗೆಯ ಕೋಣೆಯಿಂದ, ಬೀಗ ಒಡೆದು ಸೈಕಲ್ ಕದ್ದರೆ ಹೆಚ್ಚುವರಿ ಹಣವಿಲ್ಲದೆಯೇ ರಕ್ಷಣೆ ಇರುತ್ತದೆ. ರಸ್ತೆಯಲ್ಲಿ ಅಥವಾ ರೈಲು ನಿಲ್ದಾಣದಲ್ಲಿ ಬೀಗ ಹಾಕಿ ನಿಲ್ಲಿಸಿದ್ದನ್ನು ಕದ್ದರೆ ಪರಿಹಾರ ಬೇಕೆನ್ನುವವರು ಸೈಕಲ್‌ನ ವಿಶೇಷ ಷರತ್ತನ್ನು ಸೇರಿಸಿಕೊಳ್ಳಬೇಕು.

ಆ ಷರತ್ತಿನ ಮಿತಿಯನ್ನು ಒಟ್ಟು ವಿಮಾ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ವಾಡಿಕೆ. 60 ಚದರ ಮೀಟರಿನ ಮನೆಗೆ, ರೂಢಿಯಲ್ಲಿರುವ ಚದರ ಮೀಟರಿಗೆ 650 ಯೂರೋ ಲೆಕ್ಕದಲ್ಲಿ, ವಿಮಾ ಮೊತ್ತ 39,000 ಯೂರೋ ಆಗುತ್ತದೆ. ಸೈಕಲ್‌ಗೆ ಶೇಕಡಾ 5 ಎಂದರೆ 1,950 ಯೂರೋ. ಸೈಕಲ್‌ನ ಬೆಲೆ 4,000 ಯೂರೋ ಇದ್ದವರು ಶೇಕಡಾವಾರನ್ನು ಏರಿಸಿಕೊಳ್ಳಬೇಕು ಅಥವಾ ಪ್ರತ್ಯೇಕ ಸೈಕಲ್ ವಿಮೆ ಕೊಳ್ಳಬೇಕು. ಹಳೆಯ ಪಾಲಿಸಿಗಳಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ನಿಲ್ಲಿಸಿದ ಸೈಕಲ್‌ಗೆ ರಕ್ಷಣೆ ಇಲ್ಲವೆಂಬ ನಿಯಮವಿತ್ತು. ಹೊಸಬರು ಇಲ್ಲಿಗೆ ಬಂದಾಗ ಗೆಳೆಯರ ಹಳೆಯ ಪಾಲಿಸಿಯ ಮಾತನ್ನು ನಂಬದೆ ತಮ್ಮ ಪಾಲಿಸಿಯ ಪಠ್ಯವನ್ನೇ ಓದಬೇಕು.

ಭಾರತದ ಕಂಪನಿಗಳೂ ಈ ಶೇಕಡಾವಾರು ಪದ್ಧತಿಯನ್ನು ತರಬೇಕೆಂಬುದು ನನ್ನ ಮನಃಪೂರ್ವಕ ಆಸೆ. ಸೈಕಲ್ ಕಳ್ಳತನವನ್ನು ಮನೆಯ ಎಲ್ಲ ವಸ್ತುಗಳ ಜೊತೆಗೆ ಹಂಚಿ ನೋಡಿದಾಗ ಪ್ರತಿಯೊಬ್ಬರ ಮೇಲೂ ಬೀಳುವ ಭಾರ ಕಡಿಮೆಯಾಗುತ್ತದೆ. ಸೈಕಲನ್ನೇ ಒಂಟಿಯಾಗಿ ವಿಮೆಗೊಳಪಡಿಸಿದರೆ, ಅಪಾಯ ಹೆಚ್ಚಿರುವವರು ಮಾತ್ರ ಕೊಂಡು ಪ್ರೀಮಿಯಂ ಏರುತ್ತಲೇ ಹೋಗುತ್ತದೆ.

ಉತ್ತರ: ಸೈಕಲ್ ಅಂಗಡಿಯವರು, ಜಯನಗರ

ಬಿಲ್ಲಿನ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಫ್ರೇಮ್ ಸಂಖ್ಯೆಯಿಲ್ಲದ ಬಿಲ್ಲು ವಿಮೆಯ ದೃಷ್ಟಿಯಿಂದ ಅರ್ಧ ಬಿಲ್ಲು. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್‌ನ ಅಡಿಯಲ್ಲಿ ಕೆತ್ತಿರುತ್ತಾರೆ ಅಥವಾ ಅಂಟಿಸಿರುತ್ತಾರೆ. ಸೈಕಲನ್ನು ತಲೆಕೆಳಗು ಮಾಡಿ, ಸಂಖ್ಯೆ ಓದಲು ಬರುವಂತೆ ಫೋಟೋ ತೆಗೆದಿಡಿ. ಬಿಲ್ಲಿನಲ್ಲಿ ಇಲ್ಲದಿದ್ದರೆ ಕೊಂಡ ಅಂಗಡಿಯವರಿಂದ ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಂಡವರು ಮೂಲ ಮಾಲೀಕರ ಬಿಲ್ಲು, ಮಾರಾಟದ ಪತ್ರ ಮತ್ತು ಬ್ಯಾಂಕಿನ ಮೂಲಕ ಹಣ ಕೊಟ್ಟ ದಾಖಲೆ ಇಟ್ಟುಕೊಳ್ಳಬೇಕು. ನಗದು ಕೊಟ್ಟು ಕೊಂಡ ಸೈಕಲ್‌ಗೆ ಮೌಲ್ಯ ಸಾಧಿಸುವುದು ಬಹಳ ಕಷ್ಟ.

ವಿಮಾ ಮೊತ್ತವನ್ನು ಹಳೆಯ ಬಿಲ್ಲಿನಿಂದ ನಕಲು ಮಾಡುವ ಬದಲು ಅದೇ ದರ್ಜೆಯ ಸೈಕಲ್ ಇಂದು ಕೊಳ್ಳಲು ಎಷ್ಟಾಗುತ್ತದೆ ಎಂದು ನೋಡಿ ನಿಗದಿಪಡಿಸಿ. ಡಾಲರಿನ ದರ, ಆಮದು ಸುಂಕ ಏರಿಳಿದಂತೆ ಬೆಲೆ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್‌ಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದದ್ದರಿಂದ ಕೆಲವು ಮಾದರಿಗಳು ಅಗ್ಗವಾಗಿವೆ. ಅನಗತ್ಯವಾಗಿ ಹೆಚ್ಚು ಮೊತ್ತ ಬರೆಸಿ ಹೆಚ್ಚು ಪ್ರೀಮಿಯಂ ಕಟ್ಟಿದರೂ ಕ್ಲೇಮಿನಲ್ಲಿ ಸಿಗುವುದು ನಿಜವಾದ ನಷ್ಟ ಮಾತ್ರ.

ಕಾರ್ಬನ್ ಫ್ರೇಮಿನದು ಬೇರೆಯೇ ಕಷ್ಟ. ಬಿದ್ದಾಗ ಹೊರಗೆ ಬಣ್ಣ ಕಿತ್ತ ಸಣ್ಣ ಗುರುತು ಮಾತ್ರ ಕಾಣಬಹುದು. ಒಳಗಿನ ಪದರಗಳು ಬಿಟ್ಟುಕೊಂಡಿರುತ್ತವೆ. ವಿಮಾ ಕಂಪನಿಯಿಂದ ಸಮೀಕ್ಷೆಗೆ ಬಂದವರು ಲೋಹದ ಫ್ರೇಮನ್ನು ನೋಡುವ ಕಣ್ಣಿನಿಂದಲೇ ನೋಡಿ, ಬಣ್ಣ ಹಚ್ಚಿಸಿಕೊಳ್ಳಿ ಎಂದುಬಿಡುವುದುಂಟು. ಅಂತಹ ಫ್ರೇಮಿನ ಮೇಲೆ ನಂದಿ ಬೆಟ್ಟದಿಂದ ಇಳಿಯುವುದು ಪ್ರಾಣಕ್ಕೇ ಅಪಾಯ. ಸಮೀಕ್ಷಕರು ಬರುವ ಮೊದಲೇ ಅಧಿಕೃತ ಡೀಲರರಿಂದ ಲಿಖಿತ ತಪಾಸಣಾ ವರದಿ ಪಡೆಯಿರಿ, ಅವರು ನೋಡುವವರೆಗೆ ಬಿಡಿಭಾಗ ಬಿಚ್ಚಬೇಡಿ.

ಪ್ರಶ್ನೆ ಕೇಳಿದವರು, ಬಸವನಗುಡಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಶಾಖೆಯಿಂದ ಪೆಡಲ್ ಸೈಕಲ್ ವಿಭಾಗದ ಪಠ್ಯ ತರಿಸಿ ಓದಿದೆ. ರೇಸಿನಲ್ಲಿ ಬಳಸಿದಾಗ ರಕ್ಷಣೆ ಇಲ್ಲವೆಂದಿದೆ. ನಾನು ರೇಸಿಗೆ ಹೋಗುವವನಲ್ಲ, ಆದರೆ 200 ಮತ್ತು 300 ಕಿಲೋಮೀಟರಿನ ಬ್ರೆವೆಗಳಲ್ಲಿ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ) ಭಾಗವಹಿಸುತ್ತೇನೆ. ಅದನ್ನೂ ರೇಸೆಂದು ಪರಿಗಣಿಸುತ್ತಾರೆಯೇ? ಇನ್ನೊಂದು, ಪತ್ನಿ ಮುಂದಿನ ವರ್ಷ ಎಲೆಕ್ಟ್ರಿಕ್ ಸೈಕಲ್ ಕೊಳ್ಳಬೇಕೆಂದಿದ್ದಾರೆ. ಅದು ಈ ವಿಭಾಗದಲ್ಲಿ ಬರುತ್ತದೆಯೇ? ಎಲ್ಲ ವಿಭಾಗಗಳನ್ನೂ ಸೇರಿಸಿದರೆ ಮೊತ್ತ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗುತ್ತಿದೆ, ಕಡಿಮೆ ಮಾಡುವ ನ್ಯಾಯವಾದ ಮಾರ್ಗವಿದ್ದರೆ ತಿಳಿಸಿ.

ಉತ್ತರ: ನಿವೃತ್ತ ವಿಮಾ ಅಧಿಕಾರಿ, ಮಲ್ಲೇಶ್ವರ

ಬ್ರೆವೆಯಲ್ಲಿ ಸ್ಥಾನಗಳಿಲ್ಲ, ಬಹುಮಾನವಿಲ್ಲ; 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದವರೆಲ್ಲರೂ ಸಮಾನರು. ನನ್ನ ದೃಷ್ಟಿಯಲ್ಲಿ ಅದು ರೇಸಲ್ಲ. ಆದರೂ ಸಮಯದ ಮಿತಿಯನ್ನು ಕಂಡು ಬೇರೆ ಅರ್ಥ ಮಾಡುವವರಿರಬಹುದಾದ್ದರಿಂದ, ಪಾಲಿಸಿ ಕೊಳ್ಳುವ ಮೊದಲು ಇಮೇಲಿನಲ್ಲಿ ಕೇಳಿ ಉತ್ತರ ಪಡೆದಿಡಿ. ಅದೇ ಇಮೇಲಿನಲ್ಲಿ ಇನ್ನೆರಡು ವಿಷಯ ಕೇಳಿ. ಪರಿಹಾರವನ್ನು ಹೊಸ ಸೈಕಲ್‌ನ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆಯೋ, ಸವಕಳಿ ಕಳೆದೋ? ಬಿಡಿಭಾಗಗಳು ಮಾತ್ರ ಕಳುವಾದರೆ ಗತಿಯೇನು? ಈ ವಿಭಾಗದ ಸಾಂಪ್ರದಾಯಿಕ ಷರತ್ತಿನ ಪ್ರಕಾರ ಇಡೀ ಸೈಕಲ್ ಒಟ್ಟಿಗೆ ಹೋದರೆ ಮಾತ್ರ ಬಿಡಿಭಾಗಗಳಿಗೆ ಪರಿಹಾರ. ಚಕ್ರಗಳ ಜೋಡಿಯೇ 50,000 ರೂಪಾಯಿ ಬೆಲೆಬಾಳುವ ಸೈಕಲ್ ಇರುವ ನಿಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಎಲೆಕ್ಟ್ರಿಕ್ ಸೈಕಲ್‌ನ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ನಿಯಮಗಳಲ್ಲಿ ಹೇಳಿದ ಇತರ ಷರತ್ತುಗಳಿಗೊಳಪಟ್ಟು ಅದು ಮೋಟಾರು ವಾಹನವಾಗುವುದಿಲ್ಲ, ಹಾಗಾಗಿ ಮೋಟಾರು ವಿಮೆಯೂ ಇರುವುದಿಲ್ಲ. ಪೆಡಲ್ ಸೈಕಲ್ ವಿಭಾಗ ಬರೆದಾಗ ಇಂತಹ ಸೈಕಲ್‌ಗಳು ಇರಲಿಲ್ಲವಾದ್ದರಿಂದ, ಮಾದರಿಯ ಹೆಸರನ್ನೂ ಮೋಟಾರಿನ ಶಕ್ತಿಯನ್ನೂ ಪಾಲಿಸಿಯ ಅನುಸೂಚಿಯಲ್ಲಿ ನಮೂದಿಸಿದರೆ ಮಾತ್ರ ಹಣ ಕಟ್ಟಿ.

ವೆಚ್ಚದ ವಿಷಯ. ಬೆಂಕಿ ಮತ್ತು ಪ್ರಕೃತಿ ವಿಕೋಪದ ಭಾಗ ಅಗ್ಗ, ಅದನ್ನು ಪೂರ್ಣ ಮೌಲ್ಯಕ್ಕೆ ಇಟ್ಟುಕೊಳ್ಳಿ. ದುಬಾರಿಯಾಗುವುದು ಕಳ್ಳತನದ ಭಾಗ. ಮನೆಯ ಮಂಚ, ಬೀರು, ಫ್ರಿಜ್‌ಗಳನ್ನೆಲ್ಲ ಕಳ್ಳರು ಒಟ್ಟಿಗೆ ಹೊತ್ತೊಯ್ಯುವುದಿಲ್ಲ. ಆದ್ದರಿಂದ ಒಟ್ಟು ಮೌಲ್ಯವನ್ನು ಪ್ರಾಮಾಣಿಕವಾಗಿ ಘೋಷಿಸಿ, ಅದರ ಶೇಕಡಾ 25ರಷ್ಟಕ್ಕೋ 40ರಷ್ಟಕ್ಕೋ ಮಾತ್ರ ಕಳ್ಳತನದ ರಕ್ಷಣೆ ಕೊಳ್ಳುವ ‘ಫಸ್ಟ್ ಲಾಸ್’ ಪದ್ಧತಿ ಇದೆ. 10 ಲಕ್ಷ ಘೋಷಿಸಿ 4 ಲಕ್ಷಕ್ಕೆ ಮಿತಿ ಇಟ್ಟುಕೊಂಡರೆ, ಮನೆಯೊಳಗಿನ ನಿಮ್ಮ ರೋಡ್ ಬೈಕ್ ಪೂರ್ತಿಯಾಗಿ ಅದರೊಳಗೆ ಬರುತ್ತದೆ. ಘೋಷಣೆ ಸರಿಯಾಗಿರುವುದರಿಂದ ಕಡಿತದ ಭಯವೂ ಇಲ್ಲ. ಒಂದೊಂದು ವಸ್ತುವಿಗೆ ಪ್ರತ್ಯೇಕ ಮಿತಿ ಇದೆಯೇ ಎಂದು ಮಾತ್ರ ವಿಚಾರಿಸಿ, ಇದ್ದರೆ ಸೈಕಲ್‌ನ ಹೆಸರು ಮತ್ತು ಫ್ರೇಮ್ ಸಂಖ್ಯೆಯನ್ನು ಅನುಸೂಚಿಯಲ್ಲಿ ಬರೆಸಿ. ಸ್ವಲ್ಪ ಮೊತ್ತವನ್ನು ನೀವೇ ಭರಿಸಲು ಒಪ್ಪಿದರೆ, ಹಲವು ವರ್ಷಗಳ ಪಾಲಿಸಿಯನ್ನು ಒಟ್ಟಿಗೆ ಕೊಂಡರೆ ರಿಯಾಯಿತಿ ಕೇಳಬಹುದು. ಭಾರತ್ ಗೃಹ ರಕ್ಷಾ ಹತ್ತು ವರ್ಷಗಳವರೆಗೂ ದೊರೆಯುತ್ತದೆ. ದರಗಳನ್ನು ಹೋಲಿಸುವಾಗ ಶೇಕಡಾ 18ರ ಜಿಎಸ್‌ಟಿ ಸೇರಿಸಿದ ಮೊತ್ತವನ್ನೇ ಹೋಲಿಸಿ.

ಹೈಬ್ರಿಡ್ ಸೈಕಲ್ ಒಂದಕ್ಕೆ ಮಾತ್ರ ಪೆಡಲ್ ಸೈಕಲ್ ವಿಭಾಗ ಕೇಳಿ ನೋಡಿ. ರೋಡ್ ಬೈಕಿಗೆ ಅಪಘಾತದ ರಕ್ಷಣೆ ಬೇಕೇ ಬೇಡವೇ ಎಂಬುದನ್ನು ಇನ್ನೊಂದು ದರ ಪಡೆದು ನಿರ್ಧರಿಸಬಹುದು. ವರ್ಷದ ನಡುವೆ ಚಕ್ರ, ಗೇರು ಬದಲಾಯಿಸಿದರೆ ಅಥವಾ ಮನೆ ಬದಲಾಯಿಸಿದರೆ ಪಾಲಿಸಿಗೆ ತಿದ್ದುಪಡಿ ಪತ್ರವನ್ನು ಆಗಲೇ ಮಾಡಿಸಿಕೊಳ್ಳಿ, ನವೀಕರಣದವರೆಗೆ ಕಾಯಬೇಡಿ.